ಕೊನೆಗೆ ಇಳಿಯುವ ತಂಡೇಲ

ಬಹಳ ಹಿಂದೆ, ಕಡಲಂಚಿನಲ್ಲಿ ಅಲೆಮಂಗಲ ಎಂಬ ರಾಜ್ಯವಿತ್ತು. ಹಡಗಿನ ನಾಯಕನಿಗೆ ಅಲ್ಲಿ ತಂಡೇಲ ಅನ್ನುತ್ತಿದ್ದರು. ಆಳುಗಳೆಲ್ಲ ಇಳಿದ ಮೇಲೇ ತಂಡೇಲ ಇಳಿಯಬೇಕು, ಅದು ಕಟ್ಟಳೆ. ಜಟ್ಟಪ್ಪ ತಂಡೇಲನಂತೂ ಹಬ್ಬಕ್ಕೆ ಮನೆಗೆ ಬರುವಾಗಲೂ ಕೊನೆಗೇ ಇಳಿಯುತ್ತಿದ್ದ. ಅಂಥ ಗಂಡು ನಮ್ಮವನು!

ನಡುಗಡಲಿನ ಕರಿದ್ವೀಪದಲ್ಲಿ ಉಗ್ರನಾಳ ಎಂಬ ಮಾಂತ್ರಿಕನಿದ್ದ. ನಾವಿಕರನ್ನು ಹಿಡಿಯುವುದು, ಕಲ್ಲು ಮಾಡುವುದು, ಆ ಕಲ್ಲಿನಿಂದ ಕೋಟೆ ಕಟ್ಟುವುದು, ಇದೇ ಆ ಪಾಪಿಯ ಕಸುಬು.

ಮೊದಲ ಸಲ ಅವನು ಬಿರುಗಾಳಿ ಕಳಿಸಿದ. ಜಟ್ಟಪ್ಪ ಎಲ್ಲರನ್ನೂ ದೋಣಿಗೆ ಇಳಿಸಿ, ತಾನು ಸಿಕ್ಕಿಬಿದ್ದ. ಅವನನ್ನು ಕೂಡಿಹಾಕಿದ ಹವಳದ ಪಂಜರಕ್ಕೆ ಮಾತಾಡುವ ಏಡಿಯೊಂದು ಕಾವಲು. ಅದಕ್ಕೆ ಹಾಡೆಂದರೆ ಪ್ರಾಣ. ಹುಟ್ಟು ಹಾಕುವ ಹಾಡು ಹೇಳಿ ಹೇಳಿ, ಅದನ್ನು ನಿದ್ದೆಗೆ ಕೆಡವಿ ಪಾರಾದ.

ಎರಡನೇ ಸಲ ಮಾಂತ್ರಿಕ ಬಿಟ್ಟ ಕಡಲಹಾವು ಹಡಗನ್ನು ಸುತ್ತಿತು. ಮತ್ತೆ ಎಲ್ಲರನ್ನೂ ಇಳಿಸಿದ, ಮತ್ತೆ ತಾನು ಸಿಕ್ಕಿಬಿದ್ದ. ಹಾವಿನ ಗಂಟಲಲ್ಲಿ ಹಳೇ ಲಂಗರು ಸಿಕ್ಕಿಕೊಂಡಿತ್ತು, ಪಾಪ. ಜಟ್ಟಪ್ಪ ಕೈ ಹಾಕಿ ಅದನ್ನು ಕಿತ್ತು ತೆಗೆದ. ಹಾವೇ ಅವನನ್ನು ಹೊತ್ತು ತಂದು ಊರಿಗೆ ಬಿಟ್ಟಿತು.

ಮಾಂತ್ರಿಕನಿಗೆ ಮೈಯೆಲ್ಲ ಉರಿದುಹೋಯಿತು. ಮೂರನೇ ಸಲ ಮಂಜು ಕವಿಸಿ, ಹಡಗಿನವರನ್ನೆಲ್ಲ ಹಿಡಿದು ಗುಹೆಗೆ ತಳ್ಳಿ, ತಾನು ಹೊರಗೆ ನಿಂತ.

"ಒಬ್ಬೊಬ್ಬರೇ ಹೊರಗೆ ಬನ್ನಿ. ಕೊನೆಗೆ ಹೊಸ್ತಿಲು ದಾಟುವವನು ಕಲ್ಲಾಗುತ್ತಾನೆ. ಕಿತ್ತಾಡಿ ಸಾಯಿರಿ!" ಎಂದು ನಕ್ಕ.

ಯಾರೂ ಕಿತ್ತಾಡಲಿಲ್ಲ. ಹಿರಿಯ ನಾವಿಕ ಹೊನ್ನ, "ತಂಡೇಲರೇ, ನೀವು ಹೋಗಿ. ಮುದುಕ ನಾನು ಉಳೀತೇನೆ" ಎಂದ.

"ಸುಮ್ನೆ ನಡಿಯೋ ಮಾರಾಯ" ಎಂದು ಜಟ್ಟಪ್ಪ ಅವನನ್ನು ಹೊರಗೆ ದಬ್ಬಿದ. ಎಲ್ಲರೂ ಹೋದ ಮೇಲೆ ಗುಹೆಯ ಮೂಲೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತ.

"ಬಾರೋ ಹೊರಗೆ!" ಮಾಂತ್ರಿಕ ಗದರಿದ.

"ನನ್ನವರು ಹಡಗು ಹತ್ತಲಿ. ಆಮೇಲೆ ನೋಡೋಣ."

ಮಾಂತ್ರಿಕನಿಗೆ ತಾಳ್ಮೆಯೆಲ್ಲಿ? ಎಳೆದು ತರುತ್ತೇನೆಂದು ಒಳಗೆ ನುಗ್ಗಿದ. ಜಟ್ಟಪ್ಪ ಪಕ್ಕಕ್ಕೆ ಸರಿದು, ಒಂದೇ ನೆಗೆತಕ್ಕೆ ಹೊಸ್ತಿಲು ದಾಟಿದ.

"ಈಗ ಕೊನೆಯವನು ನೀನು ಕಣೋ!"

ಕೋಪದಲ್ಲಿ ಬೆನ್ನಟ್ಟಿ ಬಂದ ಮಾಂತ್ರಿಕ ಹೊಸ್ತಿಲ ಮೇಲೇ ಕಲ್ಲಾದ. ಕೋಟೆಯ ಕಲ್ಲುಗಳೆಲ್ಲ ಮತ್ತೆ ಮನುಷ್ಯರಾಗಿ, ಮೈ ಕೊಡವಿಕೊಂಡು ಎದ್ದು ಬಂದವು.

ಅಲೆಮಂಗಲದ ದಡದಲ್ಲಿ ಅರಸ ಹಾರ ಹಿಡಿದು ನಿಂತಿದ್ದ. "ಏನಯ್ಯಾ ಜಟ್ಟಪ್ಪ, ಮೂರು ಮೂರು ಸಲ ಸಿಕ್ಕಿಬಿದ್ದೆಯಲ್ಲ!" ಎಂದು ಛೇಡಿಸಿದ.

ಹೊನ್ನನ ಹೆಂಡತಿ ನಾಗು ಗಂಡನ ಕೈ ಬಿಡದೆ ಮುಂದೆ ಬಂದಳು. ಎದುರಿಗಿರುವವನು ಅರಸನೆಂದು ಹಿಂಜರಿಯಲಿಲ್ಲ.

"ಸಿಕ್ಕಿಬಿದ್ದದ್ದು ಮೂರು ಸಲ, ಹೌದು ಬುದ್ಧೀ" ಎಂದಳು. "ಬಿಟ್ಟು ಬಂದದ್ದು ಒಬ್ಬರನ್ನೂ ಇಲ್ಲ."

ಅರಸ ತಲೆಬಾಗಿ ಹಾರ ಹಾಕಿದ. ಅಂದು ಆ ಊರಿನ ಯಾವ ಮನೆಯಲ್ಲೂ ಕಡಲಿಗೆ ಹೋದವರ ಊಟದ ಎಲೆ ಖಾಲಿ ಉಳಿಯಲಿಲ್ಲ.