ಬಿಡಿಸಿ ಅಂದದ್ದು

“ಚಾಕು ತೆಗೀರಿ!”

ಬಾಗಿಲಲ್ಲಿ ನಿಂತವನ ದನಿಗೆ ಅವಳ ಕೈ ಅಲ್ಲೇ ನಿಂತಿತು. ನಿಂಬೆ ಹೆಚ್ಚುವ ಚಾಕುವಿನ ತುದಿ ಪೆಟ್ಟಿಗೆಯ ಸಂದಿಯಲ್ಲಿತ್ತು. ಸೋದರತ್ತೆಯ ಪುಟ್ಟ ಬಾರಿನಲ್ಲಿ ಪಾನೀಯ ಬೆರೆಸುವುದು ಅವಳ ಕೆಲಸ. ಕೌಂಟರಿನ ಮೇಲೆ ಚೆಂದಕ್ಕಿರಲಿ ಎಂದು ಅತ್ತೆ ತರಿಸಿದ್ದ ಒಗಟಿನ ಪೆಟ್ಟಿಗೆ ಅದು. ಬೀಗವಿಲ್ಲ, ಕೀಲಿಯಿಲ್ಲ, ಬೆಳಗಿನಿಂದ ಅವಳ ಜೀವ ತಿಂದಿತ್ತು.

“ನಿಮ್ಮದಾ?”

“ನಾನೇ ಮಾಡಿದ್ದು. ಅದಕ್ಕೆ ಚಾಕು ಹಾಕಿದ್ರೆ ನನಗೇ ಹಾಕಿದ ಹಾಗೆ.”

“ಮತ್ತೆ ತೆಗೆಯೋದು ಹೇಗೆ? ಮಂತ್ರ ಹೇಳ್ಬೇಕಾ?”

ಬಡಗಿ ನಗುತ್ತಾ ಒಳಗೆ ಬಂದ. ಎಡಗಡೆಯ ಹಲಗೆಯನ್ನು ಇನ್ನಷ್ಟು ಒಳಕ್ಕೆ ಒತ್ತಿದ, ಕಾದ, ಆಮೇಲೆ ಮೇಲಿನದನ್ನು ಬೆರಳಲ್ಲಿ ಸರಿಸಿದ. ಮುಚ್ಚಳ ತಾನಾಗಿ ಜಾರಿತು.

“ಮೊದಲು ಇನ್ನೂ ಬಿಗಿಯಾಗಿ ಮುಚ್ಚಬೇಕು. ಆಮೇಲೆ ತೆರ್ಕೊಳ್ಳುತ್ತೆ.”

ಕುಡಿಯಲು ಏನು ಕೊಡಲಿ ಎಂದರೆ ತಲೆಯಾಡಿಸಿದ. “ಊಟ ಆದ್ಮೇಲೆ ಉಳಿ ಹಿಡೀಬೇಕು. ಕೈ ನಡುಗಿದ್ರೆ ಬೆರಳೇ ಹೋಗುತ್ತೆ.”

ಅಂದಿನಿಂದ ಮಧ್ಯಾಹ್ನ ಬರತೊಡಗಿದ. ಬರೀ ಸೋಡಾ ಕುಡಿದು ಹೋಗುತ್ತಿದ್ದ. ಅವಳಿಗೆ ಅದೇ ಹಟವಾಯಿತು. ಕೈ ನಡುಗಿಸದ, ಆದರೂ ನಾಲಿಗೆ ಮರೆಯದ ಒಂದು ಪಾನೀಯ... ಆ ಪೆಟ್ಟಿಗೆಯಂತೆ ಮೆಲ್ಲಗೆ ತೆರೆದುಕೊಳ್ಳುವಂಥದ್ದು!

ಜೇನುನೀರನ್ನು ಐಸಿನಂತೆ ಗಡ್ಡೆಕಟ್ಟಿಸಿದಳು. ಲೋಟಕ್ಕೆ ಒಂದು ಗುಟುಕಿನಷ್ಟು ವೈನ್, ಧಾರಾಳ ನಿಂಬೆರಸ, ಮೇಲೆ ಸೋಡಾ, ನಡುವೆ ಆ ಗಡ್ಡೆ. ಹಿಡಿ ಸೊಟ್ಟಗಾದ ತನ್ನ ಹಳೆಯ ಚಮಚದಲ್ಲಿ ಒಮ್ಮೆ ತಿರುವಿದಳು. ಮೊದಲು ಹುಳಿ. ಕಾದವರಿಗೆ ಸಿಹಿ.

ಅತ್ತೆ ರುಚಿ ನೋಡಿ ಮೂಗು ಮುರಿದಳು. “ಇದಕ್ಕೆ ನಶೆಯೂ ಇಲ್ಲ, ನಾಚಿಕೆಯೂ ಇಲ್ಲ. ಯಾರಿಗೆ ಮಾಡ್ತಿದ್ದೀಯ ಅಂತ ಲೋಟಕ್ಕೂ ಗೊತ್ತು ಕಣೇ!”

ಮರುದಿನ ಬಾರು ಕಿಕ್ಕಿರಿದಿತ್ತು. ಅವಳು ಬಟ್ಟೆಯಲ್ಲಿ ಐಸು ಸುತ್ತಿ ಕೊಡತಿಯಿಂದ ಕುಟ್ಟುತ್ತಿದ್ದಳು. ಬಡಗಿ ಬಂದು ಇನ್ನೊಂದು ಪೆಟ್ಟಿಗೆಯನ್ನು ಅವಳ ಮುಂದಿಟ್ಟ.

“ಏನ್ ಮಾಡ್ಲಿ ಇದನ್ನ?” ಎಂದು ಕೂಗಿದಳು.

ಕುಟ್ಟುವ ಸದ್ದಿನಲ್ಲಿ ಅವನು ‘ಬಿಡಿ’ ಎಂದದ್ದು ಕೇಳಿಸಿತು. ಯಾರಿಗೋ ಕೊಡಬೇಕಾದ್ದಿರಬೇಕು... ಬಿಡಿ ಎಂದ ಮೇಲೆ ಮುಟ್ಟುವುದು ಹೇಗೆ? ಜೋಪಾನವಾಗಿ ಗೋಡೆಯ ಗೂಡಿನಲ್ಲಿಟ್ಟಳು.

ಮಾರನೆಯ ದಿನ ಬಂದವನ ಕಣ್ಣು ಮೊದಲು ಗೂಡಿಗೆ ಹೋಯಿತು. ಪೆಟ್ಟಿಗೆ ಇದ್ದಂತೆಯೇ ಇತ್ತು. ಅವಳು ತನ್ನ ಹೊಸ ಪಾನೀಯದ ಲೋಟ ಮುಂದಿಟ್ಟಳು. ಅವನು ಗಟಗಟ ಇಳಿಸಿಬಿಟ್ಟ. ತಳದಲ್ಲಿ ಗಡ್ಡೆ ಹಾಗೇ ಉಳಿಯಿತು.

“ಹುಳಿ,” ಎಂದು ಎದ್ದುಹೋದ. ಮತ್ತೆ ಬರಲಿಲ್ಲ.

‘ಮನಸ್ಸನ್ನೇ ಲೋಟಕ್ಕೆ ಹಾಕಿ ಕೊಟ್ಟೆ... ಕರಗುವವರೆಗೂ ಕೂರಲಿಲ್ಲ!’ ಅವಳು ಅಳಲಿಲ್ಲ. ತೊಳೆಯಲು ಲೋಟಗಳು ಬೇಕಾದಷ್ಟಿದ್ದವು.

ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಬಂದು ನಿಂತ. ಕೂರಲಿಲ್ಲ.

“ಆ ಪೆಟ್ಟಿಗೆ ಕೊಟ್ಬಿಡಿ. ನಿಮಗೆ ಬೇಡ ಅಂತ ಗೊತ್ತಾಯ್ತು.”

“ಬೇಡ ಅಂತ ಯಾರು ಹೇಳಿದ್ರು? ನೀವೇ ತಾನೆ ಬಿಡಿ ಅಂದಿದ್ದು?”

“ಬಿಡಿ ಅಂದ್ನಾ? ಬಿಡಿಸಿ ಅಂದೆ!”

ಒಳಗಿನಿಂದ ಅತ್ತೆಯ ನಗು ಕೇಳಿಸಿತು. “ಒಂದು ‘ಸಿ’ ನುಂಗಿ ಇಬ್ಬರೂ ತಿಂಗಳು ಉಪವಾಸ ಬಿದ್ದಿರಲ್ರೋ!”

“ಕೂತ್ಕೊಳ್ಳಿ,” ಎಂದಳು ಅವಳು. ಪಾನೀಯ ಬೆರೆಸಿ ಮುಂದಿಟ್ಟಳು. “ಗಡ್ಡೆ ಕರಗೋವರೆಗೆ ಏಳಕೂಡದು.”

ಪೆಟ್ಟಿಗೆ ಇಳಿಸಿ ಎಡಗಡೆಯ ಹಲಗೆ ಒತ್ತಿದಳು. ಕಾದಳು. ಸರಿಸಿದಳು. ಒಳಗೆ ಮರದ ಉದ್ದನೆಯ ಚಮಚ, ಹಿಡಿ ಎಳೆದು ಕಟ್ಟಿದ ದಾರದಷ್ಟು ನೇರ.

“ನಿಮ್ಮದು ಸೊಟ್ಟಗಿದೆ. ದಿನಾ ನೋಡ್ತಿದ್ದೆ.”

“ಚಮಚನಾ, ನನ್ನನ್ನಾ?”

ಅವನ ಕಿವಿ ಕೆಂಪಾಯಿತು. “ನಿಮ್ಮ ಜೊತೆ ಬಾಳ್ಬೇಕು ಅಂತ ಹೇಳೋಕೆ ಮಾತು ಬರಲಿಲ್ಲ. ಮರಗೆಲಸ ಬಂತು.”

ಲೋಟ ಎತ್ತಿದ. ಹುಳಿ. ಇನ್ನೊಂದು ಗುಟುಕು... ಅವನ ಹುಬ್ಬು ಮೇಲೇರಿತು. “ಸಿಹಿ ಬಂತು!”

“ಅವತ್ತೂ ಇತ್ತು.”

ಅವನು ಲೋಟ ಕೆಳಗಿಟ್ಟ. “ಅವತ್ತು ನಾನೇ ಕಾಯಲಿಲ್ಲ. ಈಗ ಹೇಳಿ... ನನ್ನ ಆಸೆ ಬಿಡ್ಲಾ?”

ಅವಳು ಕೌಂಟರಿನ ಮೇಲಿದ್ದ ಕೊಡತಿಯನ್ನು ದೂರ ಸರಿಸಿದಳು. ಈ ಸಲ ತಪ್ಪು ಕೇಳಿಸಬಾರದೆಂದು ಒಂದೊಂದು ಅಕ್ಷರವನ್ನೂ ಬಿಡಿಸಿ ಹೇಳಿದಳು.

“ಬಿ... ಡ... ಬೇ... ಡಿ.”