ನಾಲ್ಕು ಸಾಲಿನ ಚೀಟಿ

ಯಾಟ್-ಹೋನ ಕೈ ಮರದ ದಿಮ್ಮಿಯ ಮೇಲಿತ್ತು. ಕೈ ಮೇಲೆ ಸೀಟೋ ಅಣ್ಣನ ಕತ್ತಿ.

ಬಾತುಕೋಳಿ ಕೊಚ್ಚುವ ಕತ್ತಿ ಅದು. ಮೂಳೆ ಅದಕ್ಕೆ ಲೆಕ್ಕಕ್ಕೇ ಇಲ್ಲ.

ಭಾನುವಾರ, ಬೆಳಗ್ಗೆ ಹತ್ತು ಗಂಟೆ. ಶಾಮ್ ಶುಯಿ ಪೋ ಪೇಟೆಯ ಅಣ್ಣನ ಅಂಗಡಿಯ ಷಟರ್ ಅರ್ಧ ಇಳಿದಿತ್ತು. ಮುಂದೆ ಸುಟ್ಟ ಬಾತುಕೋಳಿ ಮಾರಾಟ, ಹಿಂದೆ ಫುಟ್‌ಬಾಲ್ ಬಾಜಿ. ಇಪ್ಪತ್ತು ವರ್ಷದಿಂದ ನಾನು ಆ ಹಿಂದಿನ ವ್ಯಾಪಾರದ ಆಳು. ಅದಕ್ಕೂ ಮೊದಲು ಪೊಲೀಸ್ ಆಗಿದ್ದೆ... ನಗಬೇಡಿ.

ಯಾಟ್-ಹೋ ಗೋಲ್‌ಕೀಪರ್. ಇಪ್ಪತ್ನಾಲ್ಕು ವರ್ಷ. ಹಿಂದಿನ ಸಂಜೆಯ ಪಂದ್ಯದಲ್ಲಿ ನಾವು ಹೇಳಿದ ನಾಲ್ಕನ್ನೂ ಚಾಚೂ ತಪ್ಪದೆ ಮಾಡಿ ಮುಗಿಸಿದ್ದ. ಮೊದಲರ್ಧದಲ್ಲಿ ಗೋಲಿಲ್ಲ. ಹನ್ನೊಂದಕ್ಕಿಂತ ಹೆಚ್ಚು ಕಾರ್ನರ್, ಅಂದರೆ ಹಿಡಿಯಬಹುದಾದ ಚೆಂಡನ್ನೂ ಗೆರೆಯಾಚೆ ತಳ್ಳಬೇಕು. ಕೀಪರ್‌ಗೆ ಹಳದಿ ಕಾರ್ಡ್. ಕೊನೆಗೆ ಅವನ ತಂಡಕ್ಕೆ ಸೋಲು. ನಾಲ್ಕೂ ಸೇರಿ ಒಂದೇ ಬಾಜಿ. ಒಂದು ತಪ್ಪಿದರೂ ಎಲ್ಲ ಗೋತಾ... ನಾಲ್ಕೂ ಬಿದ್ದರೆ ನಾನೂರು ಪಟ್ಟು.

ಅಣ್ಣ ದೂರದೂರಿನ ಬುಕ್ಕಿಗಳ ಹತ್ತಿರ ಅದನ್ನು ಕಟ್ಟಿದ್ದ. ಗೆದ್ದೂ ಆಗಿತ್ತು. ಆದರೆ ಅದೇ ಪಂದ್ಯಕ್ಕೆ, ಅದೇ ನಾಲ್ಕನ್ನು, ಅವನದೇ ಅಂಗಡಿಯಲ್ಲಿ ಒಬ್ಬ ಮುದುಕಿ ನೂರು ಡಾಲರ್‌ಗೆ ಕಟ್ಟಿಹೋಗಿದ್ದಳು.

ಹಣ ಚಿಲ್ಲರೆ. ಸೋರಿಕೆ ಚಿಲ್ಲರೆಯಲ್ಲ. ಆ ನಾಲ್ಕೂ ಗೊತ್ತಿದ್ದವರು ಮೂವರೇ... ಅಣ್ಣ, ನಾನು, ಈ ಹುಡುಗ.

“ಮೂರು ಗಂಟೆ ತನಕ ಟೈಮು ಕೊಡ್ತೀನಿ, ಕೆಂಗ್,” ಅಂದ ಅಣ್ಣ. “ಮುದುಕಿಗೆ ಹೇಳಿದ್ದು ಯಾರು ಅಂತ ಕೇಳ್ಕೊಂಡು ಬಾ. ಬೇರೆ ಹೆಸರು ಬರ್ಲಿಲ್ಲ ಅಂದ್ರೆ ಇವನ ಬೆರಳು ಇಲ್ಲೇ ಉಳಿಯುತ್ತೆ. ಹತ್ತೂ.”

ಹುಡುಗ ಅಳಲಿಲ್ಲ. ನನ್ನನ್ನೇ ನೋಡಿದ. ಥೇಟ್ ಅಪ್ಪನ ಕಣ್ಣು.

ಅವನಪ್ಪ ಪಾಕ್-ಸಾಮ್ ನನ್ನ ಗೆಳೆಯ. ಬಸ್ ಡ್ರೈವರ್, ಡಿಪೋ ತಂಡದ ಕೀಪರ್. ಸಾಯುವಾಗ ಮಗನನ್ನು ನೋಡಿಕೋ ಅಂದಿದ್ದ. ಚೆನ್ನಾಗಿ ನೋಡಿಕೊಂಡೆ! ಹೋದ ಸೋಮವಾರ ಆ ನಾಲ್ಕನ್ನು ಚೀಟಿಯಲ್ಲಿ ಬರೆದು ಹುಡುಗನ ಕೈಗಿಟ್ಟವನು ನಾನೇ. ಓದಿ ಸುಟ್ಟುಬಿಡು ಅಂದಿದ್ದೆ. ಅವತ್ತಿನಿಂದ ಪಾಕ್-ಸಾಮ್ ಕನಸಿನಲ್ಲಿ ಬರುತ್ತಿದ್ದ. ಬೈಯುತ್ತಿರಲಿಲ್ಲ. ಗೋಲಿನ ಮುಂದೆ ನಿಂತು ಸುಮ್ಮನೆ ಕೈ ಚಾಚುತ್ತಿದ್ದ. ನಾಚಿಕೆಯಿಂದ ಎಚ್ಚರವಾಗುತ್ತಿತ್ತು.

ಹೊರಗೆ ಬಂದೆ. ಅಣ್ಣನ ಬಂಟ, ಬೋಳುತಲೆಯವನು, ಹಿಂದೆಯೇ ಹೊರಟ. ಆ ಹೆಸರು ಯಾರದೇ ಇರಲಿ, ಮೊದಲು ನನ್ನ ಕಿವಿಗೆ ಬೀಳಬೇಕಿತ್ತು. ಮೀನು ಮಾರ್ಕೆಟ್ಟಿಗೆ ನುಗ್ಗಿದೆ. ಅವನೂ ನುಗ್ಗಿದ. ಐಸು ತುಂಬಿದ ಬುಟ್ಟಿಯನ್ನು ಅಡ್ಡಕ್ಕೆ ಉರುಳಿಸಿದೆ. ಹಿಂದೆ ದಡಾರೆಂದ ಸದ್ದು... ಆಮೇಲೆ ಮೀನಿನವಳ ಬೈಗುಳ. ಓಡುತ್ತಿದ್ದ ಮಿನಿಬಸ್ಸಿಗೆ ಹಾರಿಕೊಂಡೆ. ಐವತ್ತೈದರ ಮಂಡಿ, ಅಯ್ಯೋ ಅಂದಿತು.

ಮುದುಕಿಯ ಹೆಸರು ಮೂಯ್. ಗುಡ್ಡದ ಮೇಲೆ ಅಸ್ಥಿ ಇಡುವ ಕಟ್ಟಡದಲ್ಲಿ ಕೆಲಸ. ಗೋಡೆ ತುಂಬ ಪುಟ್ಟ ಗೂಡುಗಳು, ಗೂಡಿಗೊಂದು ಫೋಟೋ. ಅಂಗಳದಲ್ಲಿ ದೊಡ್ಡ ಒಲೆ. ಸತ್ತವರಿಗೆಂದು ಜನ ತಂದ ಕಾಗದದ ಅಂಗಿ, ಕಾಗದದ ಮನೆ ಅದರಲ್ಲಿ ಉರಿಯುತ್ತವೆ. ಅಲ್ಲಿ ಸುಟ್ಟದ್ದು ಅವರಿಗೆ ತಲುಪುತ್ತದೆ. ಅಜ್ಜಿ ಕಬ್ಬಿಣದ ಸರಳಿನಿಂದ ಬೂದಿ ಕೆದಕುತ್ತಿದ್ದಳು.

ಬಾಜಿಯ ಮಾತೆತ್ತಿದೆ. ಅವಳು ಹೆದರಲೇ ಇಲ್ಲ. ಖುಷಿಯಾದಳು.

ಮಗ ಹೇಳಿದ ಅಂದಳು.

ಅವಳ ಮಗ ಕಟ್ಟಡಗಳಿಗೆ ಬಿದಿರಿನ ಸಾರುವೆ ಕಟ್ಟುತ್ತಿದ್ದವನು. ಹದಿನೆಂಟನೇ ಮಹಡಿಯಿಂದ ಬಿದ್ದು ಮೂರು ವರ್ಷ. ವಾರಕ್ಕೊಂದು ಬಾಜಿ, ನಾಲ್ಕು ಸೇರಿಸಿ ಒಂದು, ಯಾವಾಗಲೂ ಮೂರು ಬಿದ್ದು ಒಂದು ತಪ್ಪುತ್ತಿತ್ತಂತೆ. ಮೊನ್ನೆ ಅವನ ತಿಥಿ. ಅವತ್ತೇ ಒಲೆಯಿಂದ ಗಾಳಿಗೆ ಒಂದು ಚೀಟಿ ಹಾರಿ ಅವಳ ಪಾದದ ಮೇಲೆ ಬಿತ್ತು. ಅರ್ಧ ಸುಟ್ಟಿತ್ತು, ಪಂದ್ಯದ ಹೆಸರು ಮತ್ತು ನಾಲ್ಕು ಸಾಲು ಮಾತ್ರ ನೆಟ್ಟಗಿದ್ದವು.

“ಬದುಕಿದ್ದಾಗ ಒಂದ್ಸಲನೂ ಗೆಲ್ಲಲಿಲ್ಲ ಕಣಪ್ಪಾ,” ಅಂದಳು. “ಈಗ ಗೆದ್ದ.”

ಮಗನ ಫೋಟೋದ ಹಿಂದಿನಿಂದ ಚೀಟಿ ತೆಗೆದಳು. ನನ್ನದೇ ಅಕ್ಷರ.

ಅವತ್ತು ಇಲ್ಲಿ ಯಾರು ಬಂದಿದ್ದರು ಎಂದು ಕೇಳಿದೆ. ಎತ್ತರದ ಹುಡುಗನೊಬ್ಬ, ಅಪ್ಪನ ಗೂಡಿನ ಮುಂದೆ ಮಂಡಿಯೂರಿ ಅತ್ತು, ಏನೋ ಸುಟ್ಟುಹೋದ ಅಂದಳು. ಅವಳು ತೋರಿಸಿದ ಕಡೆ ತಿರುಗಿದೆ. ಗೋಡೆಯಲ್ಲಿ ಪಾಕ್-ಸಾಮ್ ನನ್ನನ್ನೇ ನೋಡುತ್ತಿದ್ದ.

ಸುಡು ಅಂದಿದ್ದೆ, ಸುಟ್ಟಿದ್ದ. ಅಡುಗೆಮನೆಯ ಒಲೆಯಲ್ಲಲ್ಲ... ಅಪ್ಪನಿಗೆ ತಲುಪುವ ಒಲೆಯಲ್ಲಿ. ಮಾಡಲಿರುವ ಪಾಪವನ್ನು ಮೊದಲೇ ಅಪ್ಪನಿಗೆ ತಿಳಿಸಿದ್ದ.

ನಿಜ ಹೇಳಿದರೆ ಹುಡುಗನ ಬೆರಳು ಹೋಯಿತು. ಅಣ್ಣನ ಪಾಲಿಗೆ ಅಪ್ಪನಿಗೆ ಹೇಳಿದರೂ ಸೋರಿಕೆ ಸೋರಿಕೆಯೇ. ಬರಿಗೈಲಿ ಹೋದರೂ ಅದೇ ಗತಿ. ಆ ಚೀಟಿ ನನಗೆ ಬೇಕಿತ್ತು.

ಅಜ್ಜಿ ಕೊಡಲೊಲ್ಲಳು. ಕೊನೆಗೆ, ಅದರಲ್ಲಿದ್ದದ್ದನ್ನು ಬೇರೆ ಕಾಗದದಲ್ಲಿ ಬರೆದುಕೊಡು, ಆಮೇಲೆ ಒಯ್ಯಿ ಅಂದಳು. ಬರೆದೆ. ಅವಳು ಎರಡನ್ನೂ ಪಕ್ಕಪಕ್ಕ ಹಿಡಿದಳು. ಅಕ್ಷರ ನೋಡಿದಳು. ನನ್ನ ಮುಖ ನೋಡಿದಳು. ಮತ್ತೆ ಅಕ್ಷರ ನೋಡಿದಳು.

ಗುಟ್ಟು ರಟ್ಟಾಯಿತು ಅಂದುಕೊಂಡೆ. ಇಲ್ಲ.

“ನಿನ್ನ ಕೈಲಿ ಬರೆಸಿದ್ನಾ ಅವನು?” ಅಂದಳು. “ಹೇಗಿದಾನಪ್ಪಾ? ಊಟ ಗೀಟ ಮಾಡ್ತಿದಾನಾ?”

ಎಷ್ಟೋ ಜನರ ಬಾಯಿಂದ ಉತ್ತರ ಕಿತ್ತವನು ನಾನು. ಚೆನ್ನಾಗಿದಾನೆ ಅಂದೆ. ಅದಕ್ಕಿಂತ ದೊಡ್ಡ ಸುಳ್ಳನ್ನು ಈ ಜನ್ಮದಲ್ಲಿ ಹೇಳಿಲ್ಲ.

ಮೂರಕ್ಕೆ ಐದು ನಿಮಿಷ ಇರುವಾಗ ಅಂಗಡಿ ತಲುಪಿದೆ. ಬೋಳ ಮೀನು ನಾರುತ್ತ ಬಾಗಿಲಲ್ಲಿ ನಿಂತಿದ್ದ. ಚೀಟಿಯನ್ನು ದಿಮ್ಮಿಯ ಮೇಲಿಟ್ಟೆ. ತಪ್ಪು ನನ್ನದು ಅಂದೆ. ಮೊದಲು ಬರೆದ ಚೀಟಿ ಇದು, ಅಕ್ಷರ ಕೆಟ್ಟಿತೆಂದು ಇನ್ನೊಂದು ಬರೆದೆ. ಗೆಳೆಯನ ಗೂಡಿಗೆ ಊದುಬತ್ತಿ ಹಚ್ಚಲು ಹೋದಾಗ ಇದನ್ನು ಒಲೆಗೆ ಎಸೆದೆ. ಗಾಳಿ ಮುದುಕಿಯ ಕಾಲಿಗೆ ತಂದು ಹಾಕಿತು. ಅವಳ ಮನಸ್ಸಿನಲ್ಲಿ ಅದು ಸತ್ತ ಮಗನ ಮಾತು, ಈ ವಿಷಯವನ್ನು ಇಲ್ಲಿಗೇ ಬಿಡುವುದು ಒಳ್ಳೆಯದು ಅಂದೆ.

ಯಾಟ್-ಹೋ ಬಾಯಿ ತೆರೆದ. ಮುಚ್ಕೊಂಡಿರು ಅಂದೆ.

ಮುದುಕಿಯ ಮಗನ ವಿಷಯಕ್ಕೆ ಅಣ್ಣ ಬೆವೆತ. ಅವನಿಗೆ ದೆವ್ವಗಳ ಭಯ. ಅವಳನ್ನು ಮುಟ್ಟೋದು ಬೇಡ ಅಂದ. ಚೀಟಿ ಹೊರಬಿದ್ದ ಮೇಲೆ ಈ ಕೀಪರ್ ಇನ್ನು ನಮ್ಮ ಕೆಲಸಕ್ಕೆ ಬಾರದವನು, ಬಿಟ್ಟುಬಿಡು ಅಂದೆ ನಾನು. ಅಣ್ಣ ಯೋಚಿಸಿದ. ಹುಡುಗನನ್ನು ಕುತ್ತಿಗೆ ಹಿಡಿದು ಹೊರಗೆ ತಳ್ಳಿದ. ಷಟರ್ ಪೂರ್ತಿ ಇಳಿಯಿತು.

“ಬರೆದ ಕೈ ಯಾವುದು?” ಅಂದ.

ಎಡಗೈ ಚಾಚಿದೆ.

“ಇಪ್ಪತ್ತು ವರ್ಷ ನೋಡಿದೀನಿ ಕೆಂಗ್, ನೀನು ಬರೆಯೋದನ್ನ.”

ಬಲಗೈ ಇಟ್ಟೆ. ಎರಡೇ ಬೆರಳು ತೆಗೆದ. ಹಳೇ ಸ್ನೇಹ ನೋಡಿ.

ಮುಂದಿನ ಶನಿವಾರ ಸ್ಟೇಡಿಯಂನಲ್ಲಿ ಕೂತಿದ್ದೆ. ಮೊದಲ ಚೆಂಡನ್ನೇ ಯಾಟ್-ಹೋ ಹಾರಿ ಎದೆಗವಚಿಕೊಂಡ. ಹೊರಗೆ ತಳ್ಳಲಿಲ್ಲ, ಕಾರ್ನರ್ ಕೊಡಲಿಲ್ಲ. ಜನ ಎದ್ದು ನಿಂತರು. ನನಗೂ ಚಪ್ಪಾಳೆ ತಟ್ಟುವ ಆಸೆಯಾಯಿತು... ಬ್ಯಾಂಡೇಜ್ ಇನ್ನೂ ಬಿಚ್ಚಿರಲಿಲ್ಲ.