ಒಂದೇ ಡಬ್ಬಿಯ ಬಣ್ಣ

ಕನಕಮ್ಮ ಹಾಲಿನ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದರು. ಅಡುಗೆಮನೆಯ ಸ್ಟ್ಯಾಂಡಿನ ಪಕ್ಕದಲ್ಲಿ, ಏನೂ ಇಲ್ಲದ ಬರೀ ಗಾಳಿಯಲ್ಲಿ, ಬಹಳ ಜೋಪಾನವಾಗಿ ಇಟ್ಟು ಕೈಬಿಟ್ಟರು! ಪಾತ್ರೆ ದಢಾರನೆ ಬಿತ್ತು. ಕೂಸಿಗೆಂದು ಕಾಯಿಸಿದ್ದ ಹಾಲೆಲ್ಲ ನೆಲದ ಪಾಲಾಯಿತು. ಮಗಳು ಸಂಘಮಿತ್ರಾಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಾಗಿಲಲ್ಲಿ ನಿಂತಿದ್ದ ಸೊಸೆ ಯಶೋಧರಾ ಅದನ್ನು ಕಣ್ಣಾರೆ ಕಂಡಳು. ಕೈ ಜಾರಿದ್ದಲ್ಲ, ಎಡವಿದ್ದೂ ಅಲ್ಲ. ಇಟ್ಟು ಬಿಟ್ಟದ್ದು. ಬುದ್ಧಿ ನೆಟ್ಟಗಿರುವ ಮನುಷ್ಯರು ಯಾರಾದರೂ ಹೀಗೆ ಮಾಡುತ್ತಾರೆಯೇ?

"ಅತ್ತಿ, ಏನಾತ್ರಿ?"

"ಏನಿಲ್ಲ. ಬಿತ್ತು."

"ಎಲ್ಲಿ ಬಿತ್ರಿ? ನೀವ ಬಿಟ್ರಲ್ಲ."

ಕನಕಮ್ಮ ಬಗ್ಗಿ ಒರೆಸಲು ಕೂತರು. ಅವರು ಒರೆಸಿದ್ದು ಒಂದು ಕಡೆ, ಹಾಲು ಹರಿದದ್ದು ಇನ್ನೊಂದು ಕಡೆ. ಸೊಸೆ ನೋಡುತ್ತಲೇ ನಿಂತಳು. ಹಾಲು ಹೋದದ್ದಕ್ಕೆ ಅವಳಿಗೆ ಸಿಟ್ಟು ಬರಲಿಲ್ಲ. ಅತ್ತೆ ಏಕೆ ಹೀಗಾದರು ಎಂಬುದೇ ತಿಳಿಯಲಿಲ್ಲ.

ಹಗರಿಬೊಮ್ಮನಹಳ್ಳಿಯ ರೈಲ್ವೆ ಸ್ಟೇಷನ್ನಿನ ಆಚೆಯ ಓಣಿಯಲ್ಲಿ ಆ ಮನೆಯ ಅತ್ತೆ ಸೊಸೆ ಎಂದರೆ ನಾಲ್ಕು ಜನ ಹೊಟ್ಟೆಕಿಚ್ಚು ಪಡುವ ಹಾಗಿದ್ದವರು. ಕನಕಮ್ಮ ಜೀವಮಾನವೆಲ್ಲ ಕಂಡವರ ಹೊಲದಲ್ಲಿ ಬಗ್ಗಿ ಕಳೆ ಕಿತ್ತವರು. ಗಂಡ ನಾಗೇಂದ್ರಪ್ಪ ತೀರಿಕೊಂಡ ಮೇಲೂ ಮಗ ಭೀಮೇಶನನ್ನು ಓದಿಸಿ ಬಸ್ ಡಿಪೊದ ಕೆಲಸಕ್ಕೆ ಸೇರುವಂತೆ ಮಾಡಿದವರು. ಕೂಡ್ಲಿಗಿಯ ಸರ್ಕಾರಿ ಕಚೇರಿಯಲ್ಲಿ ನೌಕರಿ ಮಾಡುವ ಹುಡುಗಿ ಸೊಸೆಯಾಗಿ ಬಂದಾಗ ಅವರ ಕಾಲು ನೆಲದ ಮೇಲೆ ನಿಂತಿರಲಿಲ್ಲ. "ನಮ್ಮ ಸೊಸಿ ಕುರ್ಚಿಮ್ಯಾಗ ಕುಂತು ಕೆಲ್ಸ ಮಾಡಾಕಿ" ಎಂದು ಸಂತೆಯಲ್ಲಿ ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದರು. ಕೂಸು ಹುಟ್ಟಿದಾಗಲೂ ಅವರದು ಅದೇ ಮಾತು. "ರಜಾ ಮುಗಿದ ಕೂಡ್ಲೇ ನೀ ಕೆಲ್ಸಕ್ಕ ಹೋಗು. ಕೂಸನ್ನ ನಾ ನೋಡ್ಕೊಂತೀನಿ. ಅದರ ಚಿಂತಿ ನಿಂಗ ಬ್ಯಾಡ." ಆ ಒಂದು ಮಾತಿನ ಮೇಲೆ ಯಶೋಧರಾ ನಿಶ್ಚಿಂತಳಾಗಿದ್ದಳು. ರಜೆ ಮುಗಿಯುವುದಕ್ಕೆ ಇನ್ನು ಹೆಚ್ಚು ಸಮಯವಿರಲಿಲ್ಲ.

ಎಲ್ಲ ಕೆಟ್ಟದ್ದು ಆ ಬಣ್ಣ ಬಂದ ಮೇಲೆ. ರಜೆಯಲ್ಲಿ ಕೂತು ಫೋನಿನಲ್ಲಿ ವಿಡಿಯೋ ನೋಡುತ್ತಿದ್ದ ಯಶೋಧರಾಳಿಗೆ ತನ್ನ ಮನೆಯ ಸಾಮಾನು ಕಂಡರೆ ನಾಚಿಕೆಯಾಗತೊಡಗಿತ್ತು. ಮಾವನ ಕಾಲದ ನೀಲಿ ಟ್ರಂಕು, ಹರಾಜಿನಲ್ಲಿ ತಂದ ಕೆಂಪು ಕಬ್ಬಿಣದ ಕುರ್ಚಿ, ಅಡುಗೆಮನೆಯ ಹಸಿರು ಸ್ಟ್ಯಾಂಡು, ಕಪ್ಪಿಟ್ಟ ಮಂಚ... ಒಂದಕ್ಕೊಂದು ಸಂಬಂಧವೇ ಇಲ್ಲ! ಹೊಸದು ಕೊಳ್ಳುವಷ್ಟು ಅನುಕೂಲವಿರಲಿಲ್ಲ. ಪೇಂಟಿನ ಅಂಗಡಿಗೆ ಹೋದರೆ, ಯಾರೋ ಮಷಿನ್ನಿನಲ್ಲಿ ಕಲಸಿಸಿ, ಬೇಕಾದ ಬಣ್ಣ ಬರಲಿಲ್ಲವೆಂದು ಬಿಟ್ಟುಹೋದ ಕೆನೆಬಣ್ಣದ ದೊಡ್ಡ ಡಬ್ಬಿಯೊಂದು ಅರ್ಧ ಬೆಲೆಗೆ ಸಿಕ್ಕಿತು. ಸ್ಯಾಂಡ್ ಪೇಪರಿನಿಂದ ತುಕ್ಕು ಉಜ್ಜಿ, ಪ್ರೈಮರ್ ಹೊಡೆದು, ಕೂಸು ಮಲಗಿದಾಗಲೆಲ್ಲ ಒಂದೊಂದೇ ಸಾಮಾನನ್ನು ಅಂಗಳಕ್ಕೆ ಎಳೆದು ತಾನೇ ಬಣ್ಣ ಹಚ್ಚಿದಳು. ಮಂಚ, ಕುರ್ಚಿ, ಸ್ಟ್ಯಾಂಡು, ಸ್ಟೂಲು, ಬಾಗಿಲು, ಕಿಟಕಿ, ಯಾವುದನ್ನೂ ಬಿಡಲಿಲ್ಲ. ಮಂಚಕ್ಕೆ ಅದೇ ಬಣ್ಣದ ಹಾಸು ಹೊದಿಸಿದಳು. ಗೋಡೆಗೆ ಮೊದಲೇ ಬಿಳಿ ಸುಣ್ಣವಿತ್ತು. ಮನೆ ಥೇಟು ವಿಡಿಯೋದಲ್ಲಿ ಕಂಡಂತೆಯೇ ಆಯಿತು. ಕನಕಮ್ಮ ಯಾವುದಕ್ಕೂ ಬೇಡವೆನ್ನಲಿಲ್ಲ. "ಆ ಟ್ರಂಕು ಒಂದು ಹಂಗ ಇರ್ಲಿ ಬಿಡವ್ವ" ಎಂದು ಒಮ್ಮೆ ಅಂದಿದ್ದರಷ್ಟೇ. ಸೊಸೆ ನಕ್ಕು ಅದಕ್ಕೂ ಹಚ್ಚಿಬಿಟ್ಟಿದ್ದಳು.

ಅಲ್ಲಿಂದ ಶುರುವಾಯಿತು. ಕುರ್ಚಿಯಲ್ಲಿ ಕೂರುತ್ತಿದ್ದ ಕನಕಮ್ಮ ನೆಲದ ಮೇಲೆ ಕೂರತೊಡಗಿದರು. ಸ್ಟೂಲಿಗೆ ಕಾಲು ತಾಗಿಸಿ ಬೀಳಿಸಿದರು. ಮಡಚಿದ ಬಟ್ಟೆಯನ್ನು ಟ್ರಂಕಿನ ಮೇಲಿಡಲು ಹೋಗಿ ಹಿಂದಿನ ಸಂದಿಗೆ ಹಾಕಿದರು. ಏಕೆಂದು ಕೇಳಿದರೆ ಬೇರೆ ಮಾತು ತೆಗೆಯುತ್ತಿದ್ದರು. ಒಮ್ಮೊಮ್ಮೆ ಮೊದಲಿನಂತೆ ನಗುನಗುತ್ತ ಕೂಸಿನ ಜೊತೆ ಮಾತಾಡುತ್ತಿದ್ದರು. ಮರುಗಳಿಗೆಗೆ ಮುಖ ಬಿಗಿದುಕೊಂಡು ಗೋಡೆ ಹಿಡಿದು ನಿಂತಿರುತ್ತಿದ್ದರು. ಅದು ಸಿಟ್ಟೋ, ಹಟವೋ, ಮರೆವೋ? ಯಶೋಧರಾಳ ತಲೆ ಕೆಟ್ಟು ಮೊಸರಾಯಿತು.

"ಅವ್ವಗ ನೀಲಿ ಅಂದ್ರ ಜೀವ, ಯಶೋಧಾ," ಅಂದ ಭೀಮೇಶ್. "ಬಾಬಾಸಾಹೇಬ್ರ ಜಯಂತಿಗೆ ಅಪ್ಪ ಬಾವುಟಕ್ಕ ಅಂತ ತಂದಿದ್ದ ಬಣ್ಣ ಅದು. ಉಳಿದದ್ದನ್ನ ಟ್ರಂಕಿಗೆ ಹಚ್ಚಿದ್ದ. ನೀನು ಅದರ ಮ್ಯಾಲೆ ಬಳ್ಕೊಂತ ಹೋದಿ. ಅಕಿಗ ನೋವಾಗಿರ್ಬೇಕು."

"ನೋವಾದ್ರ ಹೇಳ್ಲಿ. ನಾನೇನು ಬ್ಯಾಡ ಅಂತೀನ್ಯಾ? ಹಾಲು ಯಾಕ ಚೆಲ್ಲಬೇಕು?"

"ಅದೂ ಖರೇನ..." ಎಂದು ಅವನೂ ತಲೆ ಕೆರೆದುಕೊಂಡ. ಗಂಡ ಹೆಂಡತಿ ಇಬ್ಬರೂ ಹೋಗಿ ತಪ್ಪಾಯಿತೆಂದರು. ಟ್ರಂಕಿಗೆ ಮತ್ತೆ ನೀಲಿ ಹಚ್ಚುತ್ತೇವೆಂದರು. ಕನಕಮ್ಮ ಬೆಪ್ಪಾಗಿ ಅವರ ಕಡೆ ಮುಖ ಮಾಡಿದರು. "ನೀಲಿ ಹಚ್ಚದಿದ್ರ ಬಾಬಾಸಾಹೇಬ್ರು ನಮ್ಮ ಎದಿಯಾಗಿಂದ ಹೋಗಿಬಿಡ್ತಾರೇನು? ಹುಚ್ಚು ಹಿಡದೈತಾ ನಿಮಗ?" ಅಂದರು. ಗಂಟು ಬಿಚ್ಚುವ ಬದಲು ಇನ್ನಷ್ಟು ಬಿಗಿಯಿತು.

ಒಂದು ಮಧ್ಯಾಹ್ನ ಕೂಸು ಕನಕಮ್ಮನ ಹೆಗಲ ಮೇಲೆಯೇ ನಿದ್ದೆ ಹೋಗಿತ್ತು. ಜೋಗುಳದ ಗುನುಗು ನಿಲ್ಲಿಸದೆಯೇ ಅವರು ಅದನ್ನು ಮಂಚದ ಮೇಲೆ ಮಲಗಿಸಿದರು... ಮಲಗಿಸಿದ್ದು ಮಂಚದ ಅಂಚಿಗೆ! ಕೂಸು ಉರುಳಿ ನೆಲಕ್ಕೆ ಬಿದ್ದು ಕಿಟಾರನೆ ಚೀರಿತು. ಓಡಿಬಂದ ಯಶೋಧರಾ ಅದನ್ನು ಬಾಚಿ ಎತ್ತಿಕೊಂಡಳು. ಹಣೆ ಕೆಂಪಗೆ ಊದಿತ್ತು. ಹೆತ್ತ ಕರುಳು, ಇನ್ನು ಎಲ್ಲಿ ತಡೆದೀತು?

"ನನ್ನ ಮ್ಯಾಲಿನ ಸಿಟ್ಟನ್ನ ಕೂಸಿನ ಮ್ಯಾಲೆ ತೀರಿಸ್ಕೊಂತೀರಾ ಅತ್ತಿ? ಇದು ನಿಮ್ಮ ಮಗನ ಕೂಸು. ನೆದರಿಗೆ ಬರಲಿಲ್ಲಾ ಇಷ್ಟಗಲ ಮಂಚ?"

ಕನಕಮ್ಮ ಏನೋ ಹೇಳಲು ಬಾಯಿ ತೆರೆದರು, ಮುಚ್ಚಿದರು. ಆಮೇಲೆ ನೆಲ ನೋಡುತ್ತ ಹೇಳಿದರು. "ಹೌದವ್ವ. ನನಗ ಸಿಟ್ಟು ಐತಿ. ನೀ ಬಣ್ಣ ಬಳದಿದ್ದು ನನಗ ಸೇರಿಲ್ಲ. ಸಿಟ್ಟಿನ ಕೈಯಾಗ ಹಂಗಾತು."

ಇಂಥ ಮಾತನ್ನು ಹೇಳುವವರು ಕಣ್ಣೀರು ಏಕೆ ಸುರಿಸಬೇಕು? ಕೂಸಿನ ಹಣೆ ಸವರಲು ಆ ಕೈ ಏಕೆ ಮುಂದೆ ಬರಬೇಕು? ಯಶೋಧರಾಳಿಗೆ ಒಂದೂ ಅರ್ಥವಾಗಲಿಲ್ಲ. ಆದರೆ ಅವಳು ತೀರ್ಮಾನ ಮಾಡಿಬಿಟ್ಟಿದ್ದಳು.

"ಆತ್ರಿ. ನಾ ಕೆಲ್ಸ ಬಿಡ್ತೀನಿ. ನಾಳಿ ತೆಲಿಗಿಗೆ, ನಮ್ಮವ್ವನ ಮನಿಗೆ ಹೊಕ್ಕೀನಿ."

"ಹಂಗನ್ನಬ್ಯಾಡ ಯಶೋಧಾ... ನನ್ನ ಬೈಯಿ, ಹೊಡಿ ಬೇಕಾದ್ರ. ಕೆಲ್ಸ ಬಿಡಬ್ಯಾಡ..." ಕನಕಮ್ಮ ಸೊಸೆಯ ಕೈ ಹಿಡಿಯಲು ಬಂದರು. ಸೊಸೆ ಕೈ ಬಿಡಿಸಿಕೊಂಡು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಯಶೋಧರಾ ಕೂಸಿನ ಬಟ್ಟೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ಕುರ್ಚಿಯ ಮೇಲೆ ಭೀಮೇಶನ ಕೆಂಪು ಟವೆಲ್ಲು ಬಿದ್ದಿತ್ತು. ಒಳಗಿನಿಂದ ಬಂದ ಕನಕಮ್ಮ ಸರಸರನೆ ನಡೆದು ನೆಟ್ಟಗೆ ಆ ಕುರ್ಚಿಯಲ್ಲೇ ಕೂತರು. ತಡವರಿಸಲಿಲ್ಲ, ಗೋಡೆ ಹಿಡಿಯಲಿಲ್ಲ. ಬಣ್ಣ ಹಚ್ಚಿದ ಮೇಲೆ ಒಂದು ದಿನವೂ ಅವರು ಆ ಕುರ್ಚಿಯಲ್ಲಿ ಕೂತಿರಲಿಲ್ಲ. ಇವತ್ತೇನು ಸಿಟ್ಟು ಇಳಿಯಿತೇ ಎಂದು ಯಶೋಧರಾ ಮತ್ತೆ ಗೊಂದಲಕ್ಕೆ ಬಿದ್ದಳು. ಅವರು ಚಹಾ ತರಲು ಎದ್ದು ಹೋದಾಗ, ಭೀಮೇಶ್ ಸ್ನಾನಕ್ಕೆಂದು ಟವೆಲ್ಲು ಎತ್ತಿಕೊಂಡು ಹೋದ. ಕನಕಮ್ಮ ಚಹಾದ ಲೋಟ ಹಿಡಿದು ಬಂದವರು ನಡುಮನೆಯಲ್ಲಿ ಗಕ್ಕನೆ ನಿಂತರು. ಒಂದು ಕಾಲನ್ನು ಮುಂದೆ ಚಾಚಿ ನೆಲ ಸವರಿದರು. ಖಾಲಿ ಇದ್ದ ಕೈ ಗಾಳಿಯಲ್ಲಿ ಆಚೀಚೆ ಆಡಿತು. ಕುರ್ಚಿ ಅವರ ಮೊಣಕಾಲಿನ ಪಕ್ಕದಲ್ಲೇ ಇತ್ತು. ಬಿಳಿ ಗೋಡೆಗೆ ಒರಗಿ, ಬಿಳಿ ಚೂಡಿದಾರದಲ್ಲಿ, ಯಶೋಧರಾ ಅವರ ಎದುರಿಗೇ ಉಸಿರು ಹಿಡಿದು ನಿಂತಿದ್ದಳು.

"ನೆಲದಾಗ ಕುಂತ್ರಾತು ಬಿಡು," ಎಂದು ಕನಕಮ್ಮ ತಮ್ಮಷ್ಟಕ್ಕೆ ತಾವೇ ಹೇಳಿಕೊಂಡರು.

ಯಶೋಧರಾಳ ಕೈಯಿಂದ ಚೀಲ ಜಾರಿತು. ಆ ಸದ್ದಿಗೆ ಕನಕಮ್ಮ ಬೆಚ್ಚಿ ತಲೆಯೆತ್ತಿದರು.

"ಅತ್ತಿ... ನಾ ನಿಮ್ಮ ಮುಂದ ನಿಂತೀನ್ರಿ. ಕಾಣಲಿಲ್ಲಾ?"

ಕನಕಮ್ಮ ನಿಂತಲ್ಲೇ ಕುಸಿದು ಕೂತರು. ಸೊಸೆ ಅವರ ಕೈಯಿಂದ ಲೋಟ ತೆಗೆದಿಟ್ಟು ಪಕ್ಕದಲ್ಲಿ ಕೂತಳು.

"ಒಂದು ಕಣ್ಣು ಪೂರಾ ಹೋಗೈತವ್ವ. ಇನ್ನೊಂದರಾಗ ಮಂಜು ಕವಿದಂಗ ಕಾಣ್ತತಿ. ಕಣ್ಣಿನ ಕ್ಯಾಂಪಿನ್ಯಾಗ ಡಾಕ್ಟರು ಹೇಳಿದ್ರು, ಹೋದದ್ದು ಬರಂಗಿಲ್ಲ, ಇದ್ದದ್ದು ಉಳಿಸ್ಕೋ ಅಂತ. ಬಚ್ಚಲದಾಗ ನಿಂತು ದಿನಾ ಔಷಧಿ ಬಿಟ್ಕೊಂತೀನಿ. ನೀಲಿ ಅಂದ್ರ ಟ್ರಂಕು, ಕೆಂಪು ಅಂದ್ರ ಕುರ್ಚಿ, ಹಸುರು ಅಂದ್ರ ಸ್ಟ್ಯಾಂಡು... ಹಂಗ ಗುರ್ತು ಹಿಡ್ಕೊಂಡು ಓಡಾಡ್ತಿದ್ದೆ. ಯಾರಿಗೂ ತಿಳೀಲಿಲ್ಲ. ನೀನು ಎಲ್ಲಾನೂ ಒಂದ ಮಾಡಿದಿ ನೋಡು, ನನ್ನ ಮನಿ ಎದ್ದು ಎಲ್ಲೋ ಹೋದಂಗಾತು."

"ಬಾಯಿ ಬಿಟ್ಟು ಒಂದು ಮಾತು ಹೇಳಬಾರದಾಗಿತ್ತಾ ಅತ್ತಿ? ಸಿಟ್ಟು ಅಂತ ಯಾಕ ಸುಳ್ಳು ಹೇಳಿದ್ರಿ? ನಾ ನಿಮ್ಮನ್ನ ಏನೇನೋ ಅಂದ್ಬಿಟ್ಟೆ..."

"ಸಿಟ್ಟು ಅಂದ್ರ ಇವತ್ತಲ್ಲ ನಾಳಿ ಇಳೀತತಿ ಅಂತ ನೀ ಕಾಯ್ತಿದ್ದಿ. ಕಣ್ಣು ಕಾಣಂಗಿಲ್ಲ ಅಂದಿದ್ರ ಕುರುಡಿ ಕೈಯಾಗ ಕೂಸು ಕೊಡ್ತಿದ್ದ್ಯಾ? ಅವತ್ತ ನೌಕರಿ ಬಿಡ್ತಿದ್ದಿ. ನಾ ಬಗ್ಗಿ ಬಗ್ಗಿ ಸತ್ತೀನಿ ಯಶೋಧಾ. ನೀನಾದ್ರೂ ಕುರ್ಚಿಮ್ಯಾಗ ಕುಂತಿರಬೇಕು..."

ಯಶೋಧರಾ ಅತ್ತೆಯ ಮಡಿಲಿಗೆ ಮುಖವಿಟ್ಟು ಬಿಕ್ಕಿದಳು. ಕೆಟ್ಟವಳೆನಿಸಿಕೊಂಡರೂ ಸರಿ, ಸೊಸೆಯ ನೌಕರಿ ಉಳಿಯಲಿ ಎಂದಿದ್ದ ಜೀವವನ್ನು ತಾನು ಏನೆಂದು ತಿಳಿದಿದ್ದೆ! ಟವೆಲ್ಲು ಸುತ್ತಿಕೊಂಡು ಬಂದ ಭೀಮೇಶ್ ಬಾಗಿಲಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ.

ಅವತ್ತು ಯಶೋಧರಾ ತೆಲಿಗಿಯ ಬಸ್ಸು ಹತ್ತಲಿಲ್ಲ. ಗಂಡ ಹೆಂಡತಿ ಪೇಂಟಿನ ಅಂಗಡಿಗೆ ಹೋಗಿ ಸಣ್ಣ ಸಣ್ಣ ಡಬ್ಬಿಗಳಲ್ಲಿ ನೀಲಿ, ಕೆಂಪು, ಹಸಿರು, ಕಡುಗಂದು ತಂದರು. ಮಂಚಕ್ಕೆ ದಟ್ಟ ಬಣ್ಣದ ಕೌದಿ ಬಂತು. ಹೊಸ್ತಿಲಿಗೆ ಯಾವುದು ಬೇಕು, ಬಾಗಿಲ ಅಂಚಿಗೆ ಯಾವುದು ಬೇಕು ಎಂದು ಕನಕಮ್ಮನನ್ನೇ ಕೇಳಿ ಕೇಳಿ ಹಚ್ಚಿದರು. ನೋಡಲು ಬಂದ ಪಕ್ಕದ ಮನೆಯ ಅಂಜಿನಕ್ಕ, "ಇದೇನ ಯಶೋಧಾ, ಮನೀನ ಅಂಗನವಾಡಿ ಮಾಡಿಟ್ಟೀಯಲ್ಲ" ಎಂದು ನಕ್ಕಳು. ನಗಲಿ ಬಿಡಿ, ಯಾರಿಗೇನು ನಷ್ಟ? ಕನಕಮ್ಮ ಮತ್ತೆ ಮೊದಲಿನಂತೆ ಮನೆ ತುಂಬ ಓಡಾಡಿದರು. ಆದರೆ ಸಾಮಾನಿಗೆ ಬಣ್ಣ ಹಚ್ಚಿದರೆ ಸಾಮಾನು ಕಾಣುತ್ತದೆ. ತೆವಳುವ ಕೂಸಿಗೆ ಯಾವ ಬಣ್ಣ ಹಚ್ಚುವುದು? ಅದು ಎಲ್ಲರಿಗೂ ಗೊತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ಬಿಟ್ಟವರು ಕನಕಮ್ಮನೇ.

"ಭೀಮಾ, ಅಂಜಿನಕ್ಕನ್ನ ಹಗಲೊತ್ತು ಬಾ ಅನ್ನು. ಕೂಸನ್ನ ಅಕಿ ನೋಡ್ಕೊಳ್ಲಿ."

"ಯವ್ವಾ, ನೀ ನೋಡ್ಕೊಂತೀನಿ ಅಂತ..."

"ಅಂದಿದ್ದೆ. ನನ್ನ ಕೈಯಾಗ ಬ್ಯಾಡ. ಅವತ್ತು ಹಣಿ ಊದಿದ್ದು ಸಾಕು." ಅಷ್ಟು ಹೇಳಿ ಎದ್ದು ಹಿತ್ತಲಿಗೆ ಹೋದವರು ಬಹಳ ಹೊತ್ತು ಒಳಗೆ ಬರಲಿಲ್ಲ.

ರಜೆ ಮುಗಿದ ಬೆಳಿಗ್ಗೆ ಯಶೋಧರಾ ಇಸ್ತ್ರಿ ಸೀರೆಯುಟ್ಟು ಹೊರಟು ನಿಂತಳು. ಅಂಜಿನಕ್ಕ ಕೂಸನ್ನು ಎತ್ತಿಕೊಂಡಿದ್ದಳು. ಕನಕಮ್ಮ ಕೆಂಪು ಕುರ್ಚಿಯಲ್ಲಿ, ಕೈಗಳನ್ನು ಸೆರಗಿನೊಳಗೆ ಅಡಗಿಸಿಕೊಂಡು ಕೂತಿದ್ದರು. ಕೂಸು ಅಂಜಿನಕ್ಕನ ತೋಳಿನಿಂದ ಅವರ ಕಡೆಗೆ ಜೋಲಿ, ಎರಡೂ ಕೈ ಚಾಚಿ ಹಟ ಹಿಡಿಯಿತು. ಕನಕಮ್ಮ ಮುಖ ಆಚೆ ತಿರುಗಿಸಿದರು. "ಹೊರಗ ಕರ್ಕೊಂಡು ಹೋಗವ್ವ, ರೈಲು ತೋರಿಸು" ಅಂದರು.

ಯಶೋಧರಾ ಚೀಲವನ್ನು ಕೆಳಗಿಟ್ಟಳು. ಅಂಜಿನಕ್ಕನ ಕೈಯಿಂದ ಮಗಳನ್ನು ತೆಗೆದುಕೊಂಡು ಅತ್ತೆಯ ತೊಡೆಯ ಮೇಲೆ ಕೂರಿಸಿದಳು. ಸೆರಗಿನೊಳಗಿದ್ದ ಕೈಗಳನ್ನು ಒಂದೊಂದಾಗಿ ಹೊರಗೆ ತೆಗೆದು ಕೂಸಿನ ಸುತ್ತ ಇಟ್ಟಳು.

"ನೀವು ಕುಂತಿರೋ ತನಕ ಕೂಸು ನಿಮ್ದು ಅತ್ತಿ. ನೀವು ಎದ್ದಾಗ ಮಾತ್ರ ಅಂಜಿನಕ್ಕಂದು."

ಕನಕಮ್ಮ ಕೂಸಿನ ನೆತ್ತಿಗೆ ಗಲ್ಲ ಒತ್ತಿದರು. ಕಣ್ಣೀರು ಅದರ ಕೂದಲಿಗೆ ಇಳಿಯಿತು.

"ಹಂಗಾದ್ರ ನಾ ಏಳೋದ ಇಲ್ಲ ಬಿಡು," ಅಂದರು. "ನೀ ಹೋಗಿ ಬಾ. ಬಸ್ಸಿಗೆ ಹೊತ್ತಾತು."